ಕ್ಯುಪರ್ಟಿನೋ ಬೆಟ್ಟದ ವೈನು, ಮೂವತ್ತು ವರ್ಷ ಕಾದ ತೀರ್ಪು

ಅಕ್ಕಿ, ಹುಣಸೆಹಣ್ಣು ಹಳೇದಾದಷ್ಟೂ ಚೆನ್ನ ಅಂತ ನಮ್ಮಜ್ಜಿ ಹೇಳ್ತಿದ್ರು. ಫ್ರೆಂಚರು ತಮ್ಮ ಕೆಂಪು ವೈನಿನ ಬಗ್ಗೆ ಹೇಳೋದೂ ಇದನ್ನೇ. ಅಜ್ಜಿಯ ಮಾತನ್ನು ಮುಂದಿನ ವರ್ಷವೇ ಸಾರು ಮಾಡಿ ನೋಡಬಹುದಿತ್ತು. ಫ್ರೆಂಚರ ಮಾತಿನ ಪರೀಕ್ಷೆಗೆ ಮೂವತ್ತು ವರ್ಷ ಹಿಡಿಯಿತು!

1976ರ ಮೇ 24. ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲಿಷಿನವ ಸ್ಟೀವನ್ ಸ್ಪರಿಯರ್, ಒಂಬತ್ತು ಫ್ರೆಂಚ್ ಪಂಡಿತರನ್ನು ಕೂರಿಸಿ, ಯಾವ ಬಾಟಲಿ ಯಾರದ್ದೆಂದು ತಿಳಿಯದಂತೆ ರುಚಿ ನೋಡಿಸಿದ. ಇಪ್ಪತ್ತಕ್ಕೆ ಅಂಕ. ಕೆಂಪಿನಲ್ಲಿ ಆರು ಕ್ಯಾಲಿಫೋರ್ನಿಯಾದ್ದು, ನಾಲ್ಕು ಬೋರ್ಡೋದ್ದು. ಗೆದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973. ಬಿಳಿ ವೈನಿನಲ್ಲೂ ಅದೇ ಕತೆ. ತೀರ್ಪುಗಾರ್ತಿ ಒಡೆಟ್ ಕಾನ್ ತಮ್ಮ ಅಂಕಪಟ್ಟಿ ವಾಪಸ್ ಕೊಡಿ ಅಂದರಂತೆ :-)

ಸೋತ ಕಡೆಯವರ ವಾದ ಮಾತ್ರ ತಳ್ಳಿಹಾಕುವಂಥದ್ದಲ್ಲ. ಬೋರ್ಡೋ ಇನ್ನೂ ಎಳಸು, ಅದು ಮಾಗಿದ ಮೇಲೆ ನೋಡಿ ಅಂದರು. ಪ್ರೊಡಕ್ಷನ್ನಿಗೆ ಹೋದಮೇಲೆ ಗೊತ್ತಾಗುತ್ತೆ ಅಂತ ನಮ್ಮ ಆಫೀಸಿನಲ್ಲಿ ಹೇಳ್ತಾರಲ್ಲ, ಹಾಗೆ. ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್, ವರ್ಷಗಳು ಕಳೆದಂತೆ ಬಣ್ಣದ ಅಂಶಗಳ ಜೊತೆ ಬೆಸೆದುಕೊಂಡು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಒಗರು ಮೆತ್ತಗಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ, ಹಣ್ಣಿನ ವಾಸನೆ ಹೋಗಿ ಚರ್ಮ, ಒಣ ಎಲೆಯಂಥ ವಾಸನೆ ಬರುತ್ತದೆ. ಆದರೆ ಎಲ್ಲ ವೈನೂ ಹೀಗೆ ಮಾಗುವುದಿಲ್ಲ. ಹೆಚ್ಚಿನವು ಸುಮ್ಮನೆ ಸಾಯುತ್ತವೆ. ಯಾವುದು ಬದುಕುತ್ತದೆ ಅಂತ ಕಾಯದೆ ಹೇಳುವುದು ಹೇಗೆ?

ಕಾದರು. 2006ರ ಮೇ 24ರಂದು ಅದೇ ಹತ್ತು ಕೆಂಪು ವೈನುಗಳನ್ನು ನಾಪಾ ಮತ್ತು ಲಂಡನ್ನಿನಲ್ಲಿ ಒಂದೇ ದಿನ ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ! ಮೊದಲನೆಯದು ರಿಜ್ ಮಾಂಟೆ ಬೆಲ್ಲೋ 1971. ಪ್ಯಾರಿಸ್ಸಿನಲ್ಲಿ ಅದು ಐದನೆಯದಾಗಿತ್ತು. ಅಲ್ಲಿ ಎರಡನೆಯದಾಗಿದ್ದ ಮೂತೋಂ 1970 ಈಗ ಆರಕ್ಕೆ ಇಳಿಯಿತು. ಕಾದು ನೋಡಿ ಅಂದವರ ಮಾತು ನಿಜವೇ ಆಯಿತು, ಆದರೆ ಬೇರೆಯವರ ಬಾಟಲಿಯಲ್ಲಿ.

ನನಗೆ ಖುಷಿ ಕೊಟ್ಟದ್ದು ರಿಜ್‌ನ ಹುಟ್ಟು. 1959ರಲ್ಲಿ ಕ್ಯುಪರ್ಟಿನೋ ಮೇಲಿನ ಬೆಟ್ಟದಲ್ಲಿ ಆ ಹಳೆಯ ತೋಟ ಕೊಂಡವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಇಂಜಿನಿಯರುಗಳು. ಅವರಲ್ಲೊಬ್ಬರಾದ ಚಾರ್ಲಿ ರೋಸೆನ್, ಶೇಕಿ ಎಂಬ ಪ್ರಸಿದ್ಧ ರೋಬೋ ತಯಾರಾದ ಪ್ರಯೋಗಾಲಯ ಕಟ್ಟಿದವರು. ವಾರವೆಲ್ಲ ಲ್ಯಾಬು, ವಾರಾಂತ್ಯಕ್ಕೆ ಹೆಂಡತಿ ಮಕ್ಕಳ ಜೊತೆ ದ್ರಾಕ್ಷಿ. ಮೊದಲ ವರ್ಷ ಮನೆಮಂದಿಗೆ ಅಂತ ಕಾಲು ಪೀಪಾಯಿ ಮಾಡಿದರಷ್ಟೆ. 1971ರದ್ದನ್ನು ಮಾಡಿದ ಪಾಲ್ ಡ್ರೇಪರ್ ಓದಿದ್ದು ತತ್ತ್ವಶಾಸ್ತ್ರ!

ಆ ತಪ್ಪಲಿನಲ್ಲಿ ಈಗ ನಮ್ಮ ಕನ್ನಡದ ಇಂಜಿನಿಯರುಗಳೂ ಇದ್ದಾರೆ. ಯಾರ ಮನೆಯಲ್ಲಾದರೂ ಹಳೆ ಬಾಟಲಿ ಇದ್ದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ಇಳಿಯಲಿ. ಬಿರಡೆ ಪುಡಿಯಾಗಬಹುದು, ನಿಧಾನ. ಪಕ್ಕದಲ್ಲಿ ಹೊಸದೊಂದು ಬಾಟಲಿ ಇಡಿ, ಎರಡಕ್ಕೂ ಪೇಪರ್ ಸುತ್ತಿ, ಬೆಲೆ ಹೇಳಬೇಡಿ. ಅಂಕ ಬರೆದಾದ ಮೇಲೆ ಮಾತ್ರ ಬಿಚ್ಚಿ. ಚೀಟಿ ವಾಪಸ್ ಕೇಳಿದವರಿಗೆ ಮಾತ್ರ ಕೊಡಬೇಡಿ :-)