ತಂದೆಯ ಎಣಿಕೆ, ಮಗನ ಹುಳು

ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಗುಪ್ತಪದಗಳ ಕುರಿತು ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಯ ಜನಕರಲ್ಲೊಬ್ಬರು. ಮಾರಿಸ್ ಗೂಢಲಿಪಿಯಲ್ಲಿ ನುರಿತವರು. ಯಾವ ನಿರ್ಬಂಧವೂ ಇಲ್ಲದಿದ್ದಾಗ ಜನ ಎಂಥ ಗುಪ್ತಪದವನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅವರ ಕುತೂಹಲ. 3,289 ಗುಪ್ತಪದಗಳನ್ನು ಕಲೆಹಾಕಿ ನೋಡಿದರು. ಹದಿನೈದು ಗುಪ್ತಪದಗಳಲ್ಲಿ ಇದ್ದದ್ದು ಒಂದೇ ಒಂದು ಅಕ್ಷರ. 72ರಲ್ಲಿ ಎರಡು, 464ರಲ್ಲಿ ಮೂರು. ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಕ್ಕವು ಬೇರೆ. ಒಟ್ಟು 2,831, ಅಂದರೆ ನೂರಕ್ಕೆ 86ರಷ್ಟು, ತುಸು ಹುಡುಕಿದರೆ ಕೈಗೆ ಬರುವಂಥವು.

ನಗುವ ಮುನ್ನ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬಹುದು. ಮುಂಬೈಯಲ್ಲೋ ಚೆನ್ನೈಯಲ್ಲೋ ನೆಲೆಸಿದ ನಮ್ಮಂಥವರ ಗುಪ್ತಪದಗಳಲ್ಲಿ ಬಿಟ್ಟುಬಂದ ಊರಿನ ಹೆಸರು, ಮನೆದೇವರ ಹೆಸರು ಎಷ್ಟಿರಬಹುದು! ಮರೆಯಬಾರದೆಂದು ಆರಿಸುವ ಪದ ಮನಸ್ಸಿಗೆ ಹತ್ತಿರದ್ದೇ ಆಗಿರುತ್ತದೆ. ಹತ್ತಿರದವರಿಗೆ ಅದನ್ನು ಊಹಿಸುವುದೂ ಸುಲಭ.

ಅದೇ ಪ್ರಬಂಧದಲ್ಲಿ 1960ರ ದಶಕದ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಎಂಐಟಿಯ ಗಣಕದಲ್ಲಿ ಒಬ್ಬ ನಿರ್ವಾಹಕರು ಗುಪ್ತಪದಗಳ ಕಡತವನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಆ ದಿನದ ಪ್ರಕಟಣೆಯನ್ನು. ತಂತ್ರಾಂಶದ ದೋಷದಿಂದ ಎರಡು ಕಡತಗಳು ಅದಲುಬದಲಾದವು. ಒಳಬಂದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಗುಪ್ತಪದಗಳು ಅಚ್ಚಾಗತೊಡಗಿದವು. ಗುಪ್ತಪದವನ್ನು ಇದ್ದಂತೆಯೇ ಎಲ್ಲಿಯೂ ಇಡಬಾರದು, ಗೂಢಲಿಪಿಗೆ ತಿರುಗಿಸಿಯೇ ಇಡಬೇಕು ಎಂಬ ವಾದಕ್ಕೆ ಇಬ್ಬರೂ ಇದನ್ನು ನಿದರ್ಶನವಾಗಿ ಕೊಟ್ಟರು. ಯುನಿಕ್ಸ್ ಹಾಗೆಯೇ ಮಾಡಿತು. ಊಹೆಯ ಕೆಲಸ ನಿಧಾನವಾಗಲೆಂದು ಲೆಕ್ಕವನ್ನು ಬೇಕೆಂದೇ ಭಾರವಾಗಿಸಿದರು. ಒಂದೇ ಗುಪ್ತಪದ ಇಬ್ಬರಲ್ಲಿದ್ದರೂ ಬೇರೆಬೇರೆಯಾಗಿ ಕಾಣಲೆಂದು ಒಂದು ಸಂಖ್ಯೆಯನ್ನು ಬೆರೆಸಿದರು. ಅದಕ್ಕೆ ‘ಉಪ್ಪು’ ಎಂದೇ ಹೆಸರು. ಇಷ್ಟು ಭದ್ರವಾದ ಮೇಲೆ ಮುಚ್ಚಿಡುವುದೇಕೆ ಎಂದು ಆ ಕಡತವನ್ನು ಯಾರು ಬೇಕಾದರೂ ಓದುವಂತೆ ತೆರೆದೇ ಇಟ್ಟರು.

1984ರಲ್ಲಿ ಮಾರಿಸ್, ಫ್ರೆಡ್ ಗ್ರ್ಯಾಂಪ್ ಅವರೊಡನೆ ಸೇರಿ ಮತ್ತೊಂದು ಪರೀಕ್ಷೆಯನ್ನು ವರದಿ ಮಾಡಿದರು. ಬಹು ಬಳಕೆಯಲ್ಲಿರುವ 20 ಹೆಣ್ಣು ಹೆಸರುಗಳನ್ನು ತೆಗೆದುಕೊಂಡು ಪ್ರತಿಯೊಂದರ ಕೊನೆಗೂ ಒಂದು ಅಂಕೆಯನ್ನು ಸೇರಿಸಿದರು. ಒಟ್ಟು 200 ಊಹೆಗಳು. ಹಲವು ಡಜನ್ ಗಣಕಗಳಲ್ಲಿ ಪ್ರಯತ್ನಿಸಿದಾಗ ಒಂದೂ ಬಿಡದಂತೆ ಎಲ್ಲ ಗಣಕಗಳಲ್ಲಿಯೂ ಕನಿಷ್ಠ ಒಂದು ಊಹೆ ಫಲಿಸಿತು. ಅಂಕೆಯೂ ಇರಲಿ ಎಂದರೆ ಜನ ಹೆಸರಿನ ಬಾಲಕ್ಕೆ ಒಂದು ಅಂಕೆ ಅಂಟಿಸುತ್ತಾರೆ, ಅಷ್ಟೇ. ಎಥಿಕಲ್ ಹ್ಯಾಕಿಂಗ್ ಎಂಬ ಹೆಸರು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಆದರೆ ಕಳ್ಳನಿಗಿಂತ ಮೊದಲೇ ಕಳ್ಳನಂತೆ ಬಾಗಿಲು ತಳ್ಳಿನೋಡುವ ಆ ವೃತ್ತಿಯ ಲಕ್ಷಣವೆಲ್ಲ ಈ ಪರೀಕ್ಷೆಯಲ್ಲಿ ಇದೆ ಎಂದೇ ನಮ್ಮ ಎಣಿಕೆ.

ಮುಂದಿನದನ್ನು ಕಾದಂಬರಿಕಾರನೊಬ್ಬ ಬರೆದಿದ್ದರೆ ಕೃತಕವೆನ್ನುತ್ತಿದ್ದೆವು. 1988ರ ನವೆಂಬರ್ 2ರ ಸಂಜೆ ಅಂತರ್ಜಾಲದಲ್ಲಿ ಒಂದು ‘ಹುಳು’ ಹರಿದಾಡತೊಡಗಿತು. ಅದನ್ನು ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್, ಅದೇ ಮಾರಿಸರ ಮಗ. ತಂದೆ ಆಗ ಅಮೆರಿಕ ಸರ್ಕಾರದ ರಾಷ್ಟ್ರೀಯ ಗಣಕ ಸುರಕ್ಷತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ.

ಹುಳುವಿಗೆ ದಾರಿಗಳು ಹಲವಿದ್ದವು. ಅಂಚೆ ರವಾನಿಸುವ ತಂತ್ರಾಂಶದಲ್ಲಿ ಒಂದು ರಂಧ್ರ, ಬಳಕೆದಾರರ ವಿವರ ಹೇಳುವ ತಂತ್ರಾಂಶದಲ್ಲಿ ಮತ್ತೊಂದು. ಇವು ಯಂತ್ರದ ದೋಷಗಳು. ಮೂರನೆಯದು ಊಹೆ. ತೆರೆದಿಟ್ಟ ಆ ಕಡತವನ್ನು ಓದಿ, ಬಳಕೆದಾರನ ಹೆಸರನ್ನೇ, ಅದನ್ನು ಎರಡು ಬಾರಿ ಬರೆದು, ತಿರುಗಿಸಿ ಬರೆದು ನೋಡುತ್ತಿತ್ತು. ಆಗದಿದ್ದರೆ ತನ್ನೊಳಗೆ ಹೊತ್ತು ತಂದ 432 ಪದಗಳ ಪಟ್ಟಿ. ಬರ್ಕ್ಲಿಯ ಮತ್ತು ಎಂಐಟಿಯ ಪರಿಣತರು ಹುಳುವನ್ನು ಬಿಚ್ಚಿ ನೋಡಿದಾಗ ಆ ಪಟ್ಟಿಯಲ್ಲಿ ಐನ್‌ಸ್ಟೈನ್, ಬೀಥೋವನ್ ಅವರೂ ಇದ್ದರು, ವ್ಯಂಗ್ಯಚಿತ್ರದ ಬೆಕ್ಕು ಗಾರ್ಫೀಲ್ಡ್ ಕೂಡ ಇತ್ತು.

ಮಗನ ಲೆಕ್ಕವೂ ತಪ್ಪಿತು. ಒಂದು ಗಣಕದಲ್ಲಿ ಹುಳು ಈಗಾಗಲೇ ಇದ್ದರೆ ಹೊಸದು ಸಾಯಬೇಕಿತ್ತು. ಯಾರಾದರೂ ಇದೆಯೆಂದು ಸುಳ್ಳು ಹೇಳಿಸಿಯಾರೆಂಬ ಶಂಕೆಯಿಂದ ಏಳರಲ್ಲಿ ಒಂದು ಬಾರಿ ಸಾಯದೆ ಉಳಿಯುವಂತೆ ಬರೆದಿದ್ದ. ಏಳರಲ್ಲೊಂದು ಎಂಬುದು ಅತಿಯಾಯಿತು. ಒಂದೇ ಯಂತ್ರದಲ್ಲಿ ಹುಳುಗಳು ತುಂಬಿ ಯಂತ್ರಗಳು ಉಸಿರುಗಟ್ಟಿದವು. ಅಂತರ್ಜಾಲದಲ್ಲಿದ್ದ ಸುಮಾರು 60,000 ಗಣಕಗಳಲ್ಲಿ 6,000ದಷ್ಟು ಸೋಂಕಿಗೆ ಸಿಕ್ಕವೆಂಬುದು ಆಗಿನ ಅಂದಾಜು. 1990ರಲ್ಲಿ ನ್ಯಾಯಾಲಯ ಅವನಿಗೆ ಸೆರೆವಾಸ ವಿಧಿಸಲಿಲ್ಲ. ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿತು.

ಯಂತ್ರದ ರಂಧ್ರಗಳಿಗೆ ಕೆಲವೇ ದಿನಗಳಲ್ಲಿ ತೇಪೆ ಬಿತ್ತು. ಇಂಥ ಆಪತ್ತುಗಳಿಗೆಂದೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದೇ ವರ್ಷ ಒಂದು ತುರ್ತು ತಂಡ ಹುಟ್ಟಿತು. ತೆರೆದಿಟ್ಟಿದ್ದ ಕಡತವನ್ನು ಕಾಲಕ್ರಮದಲ್ಲಿ ನಿರ್ವಾಹಕರ ಹೊರತು ಬೇರಾರೂ ಓದದಂತೆ ಮರೆಮಾಡಲಾಯಿತು. ಆ 432 ಪದಗಳಿಗೆ ಮಾತ್ರ ತೇಪೆ ಹಾಕುವ ಬಗೆ ಸಿಗಲಿಲ್ಲ. ಸಂಸ್ಥೆಗಳು ತಮ್ಮ ಭದ್ರತೆಯನ್ನು ಪರೀಕ್ಷಿಸಲೆಂದು ಕರೆಸಿಕೊಳ್ಳುವ ಎಥಿಕಲ್ ಹ್ಯಾಕರ್‌ಗಳ ಬಳಿ ಇಂದಿಗೂ ಅಂಥದೇ ಪಟ್ಟಿ ಇರುತ್ತದೆ. ಈಗ ಅದರಲ್ಲಿ ಪದಗಳು ಲಕ್ಷಗಟ್ಟಲೆ.