ಮಧುಗಿರಿಯ ದುರ್ಗವೂ ಬಿದನೂರಿನ ರಾಣಿಯೂ

ನೇಪಾಳಕ್ಕೂ ಸಿಕ್ಕಿಮಿಗೂ ನಡುವಣ ಎಲ್ಲೆಯಲ್ಲಿ ನಿಂತಿರುವ ಕಾಂಚನಗಂಗಾ ಶಿಖರದ ಎತ್ತರವು 28,169 ಅಡಿ. ಅಲ್ಲಿ ಎಲ್ಲೆಯನ್ನು ಕಾಯುವುದಕ್ಕೆ ಹಿಮರಾಶಿಯೇ ಸಾಕು. ಕೋಟೆಯನ್ನು ಕಟ್ಟುವವರೂ ಇಲ್ಲ, ಮುತ್ತುವವರೂ ಇಲ್ಲ. ಹಿಮವನ್ನೇ ಕಾಣದ ಕನ್ನಡನಾಡಿನಲ್ಲಾದರೋ ಗಡಿಯ ಬೆಟ್ಟವೆಂದರೆ ಬರಿಯ ಬಂಡೆ. ಅದನ್ನು ಕಾಯುವವರು ಮನುಷ್ಯರೇ ಆಗಬೇಕು.

ಹಿಂದೆ ಮದ್ದಗಿರಿಯೆಂದು ಹೆಸರಾಗಿದ್ದ ಮಧುಗಿರಿಯ ದುರ್ಗವು ಅಂತಹುದು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಬಂಡೆಯ ಇಳಿಜಾರಿನಲ್ಲಿ ಕಾಲಿಡಲು ತಕ್ಕಷ್ಟೇ ಮೆಟ್ಟಿಲುಗಳನ್ನು ಕಡಿದಿದ್ದಾರೆ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳು ಇಂದಿಗೂ ಉಳಿದಿವೆ. ದಾರಿತಪ್ಪಿದ ಕುರಿಯೊಂದು ಮೈಯೆಲ್ಲ ನೀರು ಸುರಿಸುತ್ತ ಹಿಂದಿರುಗಿದಾಗ ಬೆಟ್ಟದ ಮೇಲೆ ಜಲವಿರುವುದು ತಿಳಿಯಿತೆಂದು ಐತಿಹ್ಯವುಂಟು. ಕುರಿಯ ಮಾತು ಹೇಗಾದರೂ ಇರಲಿ, ಮುತ್ತಿಗೆಯನ್ನು ತಡೆಯಬೇಕಾದ ದುರ್ಗಕ್ಕೆ ಗೋಡೆಗಿಂತ ನೀರೇ ಮೊದಲಲ್ಲವೆ!

ಸ್ಥಳದ ಗೌಡರಿಂದ ಈ ದುರ್ಗವು 1678ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಮೈಸೂರಿಗೆ ಸೇರಿತು. ಒಂಬತ್ತೇ ವರ್ಷಗಳಲ್ಲಿ ಅನತಿದೂರದ ಶಿರಾ ಪಟ್ಟಣವು ಮೊಗಲರ ಸುಬೆಯ ರಾಜಧಾನಿಯಾಯಿತು. ಹೀಗೆ ಎರಡು ರಾಜ್ಯಗಳ ಎಲ್ಲೆಯು ನೆರೆಯೂರುಗಳ ನಡುವೆಯೇ ಬಂದು ನಿಂತಿತು. ಶಿರಾ 1761ರಲ್ಲಿ ಹೈದರಾಲಿಯ ಕೈಸೇರಿದರೂ ಮರಾಠರ ದೃಷ್ಟಿ ಈ ಸೀಮೆಯಿಂದ ಕದಲಲಿಲ್ಲ.

ಹೈದರನು 1763ರಲ್ಲಿ ಬಿದನೂರನ್ನು ಗೆದ್ದು, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನನ್ನೂ ಮಧುಗಿರಿಯಲ್ಲಿ ಸೆರೆಯಿರಿಸಿದನು. ಮಳೆಯೂ ಅಡಕೆಯೂ ಮೆಣಸೂ ಸಮೃದ್ಧವಾದ ಮಲೆನಾಡನ್ನು ಆಳಿದವಳಿಗೆ ಬಯಲುಸೀಮೆಯ ಬಿಸಿಲುಬಂಡೆಯೇ ಗತಿಯಾಯಿತು. ಶತ್ರುವು ಏರಲಾರದ ಬೆಟ್ಟದಿಂದ ಸೆರೆಯಾಳು ಇಳಿಯುವುದೂ ಸುಲಭವಲ್ಲ. ಬಿದನೂರಿನ ಅಭಿಮಾನಿಗಳಿಗೆ ಈ ಸ್ಥಳವು ಬಹುದೂರ. ಹೈದರನು ಇದನ್ನೆಲ್ಲ ಎಣಿಸಿಯೇ ಇದ್ದಿರಬೇಕು. ದುರ್ಗವು ಮರಾಠರು ಬರುವ ದಾರಿಯಲ್ಲಿದೆಯೆಂಬುದನ್ನು ಮಾತ್ರ ಸಾಕಷ್ಟು ಎಣಿಸಿದಂತೆ ಕಾಣುವುದಿಲ್ಲ.

ಪೇಶ್ವೆ ಮಾಧವರಾಯನು 1767ರಲ್ಲಿ ದಂಡೆತ್ತಿ ಬಂದಾಗ ಶಿರಾ ಕೋಟೆಯು ಅವನಿಗೆ ಶರಣಾಯಿತು, ಮಧುಗಿರಿಯೂ ಬಿದ್ದಿತು. ನಾಲ್ಕು ವರ್ಷಗಳ ಬಳಿಕ ರಾಣಿಯು ಮೆಟ್ಟಿಲುಗಳನ್ನು ಇಳಿದಳು. ಬಿದನೂರಿನ ಕಡೆಗಲ್ಲ, ಪುಣೆಯ ಕಡೆಗೆ ಆಕೆಯ ಪಯಣ. ಆ ಪಯಣವೂ ಮುಗಿಯಲಿಲ್ಲ. ದಾರಿಯಲ್ಲಿಯೇ ಆಕೆ ತೀರಿಕೊಂಡಳು.

ಟಿಪ್ಪುವು 1774ರಲ್ಲಿ ಮಧುಗಿರಿಯನ್ನು ಮರಳಿ ಮೈಸೂರಿಗೆ ಸೇರಿಸಿದನು.