ಮುಚ್ಚಿಡದಿದ್ದರೆ ಸಾಕೇ? ಡೆಬಿಯನ್ ವಾರಪತ್ರಿಕೆಯ ಕತೆ

ಗ್ರಾಮಸಭೆಯ ನಡಾವಳಿಯಲ್ಲಿ ಗುಟ್ಟೇನೂ ಇಲ್ಲ. ಆದರೂ ಅದರಲ್ಲಿ ಏನಿದೆ ಎಂಬುದು ಊರಿನ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಂಪ್ಯೂಟರ್ ಲೋಕದ ಒಂದು ದೊಡ್ಡ ‘ಊರಿ’ಗೂ 1990ರ ದಶಕದ ಕೊನೆಗೆ ಇದೇ ಸಮಸ್ಯೆ ಎದುರಾಯಿತು.

ಆ ಊರು ಡೆಬಿಯನ್. ಲಿನಕ್ಸ್ ಆಧಾರಿತ ಈ ಮುಕ್ತ ತಂತ್ರಾಂಶ ಯೋಜನೆಯನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಮಾಲೀಕರಿಲ್ಲ, ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು. ತಂತ್ರಾಂಶದ ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು 1997ರಲ್ಲಿ ಲಿಖಿತ ಮಾತು ಕೊಟ್ಟರು. 1998ರ ಡಿಸೆಂಬರಿನಲ್ಲಿ ಸಂವಿಧಾನವೂ ಬಂತು. ನಾಯಕನ ಆಯ್ಕೆ ಮತದಾನದಿಂದಲೇ ಎಂದಾಯಿತು. ಅಷ್ಟರಲ್ಲಿ ಸದಸ್ಯರು 400 ದಾಟಿದ್ದರು, ಪ್ಯಾಕೇಜುಗಳು 1500ಕ್ಕೂ ಹೆಚ್ಚು. ಚರ್ಚೆಯೆಲ್ಲ ಇಮೇಲಿನಲ್ಲಿ, ಎಲ್ಲರ ಕಣ್ಣೆದುರೇ. ಆದರೆ ಅಷ್ಟನ್ನೂ ಓದುತ್ತ ಕುಳಿತರೆ ಬೇರೆ ಕೆಲಸವೇ ಸಾಗದು.

1999ರ ಜನವರಿಯಲ್ಲಿ ಸದಸ್ಯ ಜೋಯಿ ಹೆಸ್ ‘ಡೆಬಿಯನ್ ವೀಕ್ಲಿ ನ್ಯೂಸ್’ ಶುರು ಮಾಡಿದರು. ವಾರದ ಮುಖ್ಯ ಚರ್ಚೆಗಳು, ಭದ್ರತಾ ದೋಷಗಳ ಸರಿಪಡಿಕೆ, ಹೊಸ ಪ್ಯಾಕೇಜುಗಳು, ಎಲ್ಲವೂ ಕೆಲವೇ ಸಾಲುಗಳಲ್ಲಿ. ಲಿನಕ್ಸ್ ಕರ್ನಲ್‌ ಚರ್ಚೆಗಳ ಸಾರ ಕೊಡುವ ‘ಕರ್ನಲ್ ಟ್ರಾಫಿಕ್’ ಅನ್ನು ಝ್ಯಾಕ್ ಬ್ರೌನ್ ಆರಂಭಿಸಿದ್ದೂ ಅದೇ ವರ್ಷ. ಮುಂದೆ ಡೆಬಿಯನ್ ಪತ್ರಿಕೆಯನ್ನು ಮಾರ್ಟಿನ್ ಶುಲ್ಜ್ ಬಹುಕಾಲ ನಡೆಸಿದರು. ಫ್ರೆಂಚ್, ಜರ್ಮನ್ ಮುಂತಾದ ಭಾಷೆಗಳಿಗೆ ಸ್ವಯಂಸೇವಕರೇ ಅನುವಾದಿಸಿದರು.

ಇಂಥ ಪತ್ರಿಕೆಯ ಕಷ್ಟ ನಮಗೆ ಹೊಸದಲ್ಲ. ವಾರ ಯಾರಿಗೂ ಕಾಯುವುದಿಲ್ಲ, ಸಂಪಾದಕನಿಗೋ ಕೂಲಿಯಿಲ್ಲ. ಕರ್ನಲ್ ಟ್ರಾಫಿಕ್ 2005ರಲ್ಲಿ ನಿಂತಿತು, ಡೆಬಿಯನ್ ವಾರಪತ್ರಿಕೆ 2007ರಲ್ಲಿ. ಇವೆರಡಕ್ಕೂ ಮೊದಲೇ, 1998ರಲ್ಲಿ ಹುಟ್ಟಿದ ‘ಲಿನಕ್ಸ್ ವೀಕ್ಲಿ ನ್ಯೂಸ್’ ಕೂಡ 2002ರಲ್ಲಿ ಮುಚ್ಚುವ ಹಂತ ತಲುಪಿತ್ತು. ಓದುಗರು ಚಂದಾ ಕೊಡಲು ಮುಂದಾದರು, ಉಳಿಯಿತು.

ಡೆಬಿಯನ್ ಬೇರೆ ದಾರಿ ಹಿಡಿಯಿತು. 2008ರಲ್ಲಿ ‘ಡೆಬಿಯನ್ ಪ್ರಾಜೆಕ್ಟ್ ನ್ಯೂಸ್’ ಎಂಬ ಹೆಸರಿನಲ್ಲಿ ಪತ್ರಿಕೆ ಮತ್ತೆ ಬಂತು. ಈ ಬಾರಿ ಪ್ರತಿ ವಾರ ತರುವ ಹಟವಿರಲಿಲ್ಲ, ಹಲವರು ಕೈಜೋಡಿಸಿದರು.

ಮುಚ್ಚಿಡದಿರುವುದು ಬೇರೆ, ತಿಳಿಸುವುದು ಬೇರೆ. ಮೊದಲನೆಯದಕ್ಕೆ ಒಂದು ನಿಯಮ ಸಾಕು. ಎರಡನೆಯದಕ್ಕೆ ಎಲ್ಲವನ್ನೂ ಓದಿ, ಆರಿಸಿ, ನಾಲ್ಕು ಸಾಲಿನಲ್ಲಿ ಹೇಳುವ ಒಬ್ಬ ಮನುಷ್ಯ ಬೇಕು. ಆತ ದಣಿದಾಗ ಹೆಗಲು ಕೊಡಲು ಇನ್ನೊಬ್ಬರೂ ಬೇಕು.